ಹೆಸರು ಹೊಲಿದ ಕೌದಿ

ಏಡ್ಸ್ ಚರಿತ್ರೆಯನ್ನು ಹೊಸದಾಗಿ ಓದಲು ಹೊರಟವರಿಗೆ ನಾನು ಮೊದಲು ತೋರಿಸುವುದು ಒಂದು ಬಟ್ಟೆಯ ತುಂಡನ್ನು. 3 ಅಡಿ ಅಗಲ, 6 ಅಡಿ ಉದ್ದ. ಹೆಚ್ಚುಕಡಿಮೆ ಒಂದು ಗೋರಿಯಷ್ಟು. ಈ ಅಳತೆಗೊಂದು ಕಾರಣವಿದೆ.

1981ರ ಜೂನ್ 5ರಂದು ಅಮೆರಿಕದ ಸರ್ಕಾರಿ ಆರೋಗ್ಯ ವಾರಪತ್ರಿಕೆಯಲ್ಲಿ ಪುಟ್ಟ ವರದಿಯೊಂದು ಬಂತು. ಲಾಸ್ ಏಂಜಲೀಸ್‌ನಲ್ಲಿ ಗಟ್ಟಿಮುಟ್ಟಾಗಿದ್ದ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ತಗುಲಿತ್ತು. ಐವರೂ ಸಲಿಂಗಿಗಳು. ವರದಿ ಅಚ್ಚಾಗುವಷ್ಟರಲ್ಲಿ ಇಬ್ಬರು ತೀರಿಕೊಂಡಿದ್ದರು. ಅದು ಏಡ್ಸ್. ಅದನ್ನು ತರುವ ವೈರಸ್ ಎಚ್‌ಐವಿ, ರಕ್ತ, ವೀರ್ಯ, ಎದೆಹಾಲಿನ ಮೂಲಕ ಯಾರಿಗೆ ಬೇಕಾದರೂ ಹರಡುತ್ತದೆ. ಆದರೂ ಮೊದಲು ಕಾಣಿಸಿದ್ದು ಸಲಿಂಗಿಗಳಲ್ಲಿ ಎಂದು ರೋಗದ ತಪ್ಪನ್ನೂ ಇವರ ತಲೆಗೇ ಕಟ್ಟಿದರು. ಎಷ್ಟೋ ಮಕ್ಕಳನ್ನು ಹೆತ್ತವರೇ ದೂರ ಮಾಡಿದರು. ಅಂತ್ಯಸಂಸ್ಕಾರ ನಡೆಸುವವರಲ್ಲಿ ಹಲವರು ಹೆಣ ಮುಟ್ಟಲಿಲ್ಲ. ಜೊತೆಯಲ್ಲಿ ಬಾಳಿದ ಸಂಗಾತಿ ಆಗಿನ ಕಾನೂನಿನ ಪ್ರಕಾರ ಯಾರೂ ಆಗಿರಲಿಲ್ಲ. ಅಧ್ಯಕ್ಷ ರೇಗನ್ ಈ ರೋಗದ ಬಗ್ಗೆ ಮೊದಲ ಮುಖ್ಯ ಭಾಷಣ ಮಾಡಿದ್ದು 1987ರಲ್ಲಿ. ಆ ಹೊತ್ತಿಗೆ ಅಲ್ಲಿ 20,000ಕ್ಕೂ ಹೆಚ್ಚು ಜನ ಸತ್ತಿದ್ದರು. ಇಷ್ಟು ದೀರ್ಘ ಮೌನಕ್ಕೆ ಯಾವ ಸಮಜಾಯಿಷಿಯೂ ನನಗೆ ಒಪ್ಪಿಗೆಯಾಗದು.

1985ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 1978ರಲ್ಲಿ ಕೊಲೆಯಾದ ಸಲಿಂಗಿ ನಾಯಕ ಹಾರ್ವಿ ಮಿಲ್ಕ್ ನೆನಪಿಗೆ ದೀಪದ ಮೆರವಣಿಗೆ ನಡೆಯಿತು. ಅದರ ಮುಂಚೂಣಿಯಲ್ಲಿದ್ದ ಕ್ಲೀವ್ ಜೋನ್ಸ್, ಏಡ್ಸ್‌ನಿಂದ ಸತ್ತ ಗೆಳೆಯರ ಹೆಸರನ್ನು ರಟ್ಟಿನ ಮೇಲೆ ಬರೆಯಿರಿ ಎಂದರು. ಆ ರಟ್ಟುಗಳನ್ನು ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದಾಗ, ಅದು ಅಜ್ಜಿಯರು ತುಂಡು ಬಟ್ಟೆ ಜೋಡಿಸಿ ಹೊಲಿಯುವ ಕೌದಿಯಂತೆ ಅವರಿಗೆ ಕಂಡಿತು.

ಸತ್ತವರ ಹೆಸರು ಹೊತ್ತ ಬಟ್ಟೆಯ ತುಂಡುಗಳ ಹೊಲಿಗೆ ಶುರುವಾದದ್ದು ಹಾಗೆ. ಹೊಲಿದವರಲ್ಲಿ ಸಂಗಾತಿಗಳು, ಗೆಳೆಯರು, ಆರೈಕೆ ಮಾಡಿದ ನರ್ಸ್‌ಗಳು, ಮಗನನ್ನು ಕಳೆದುಕೊಂಡ ತಾಯಂದಿರು ಇದ್ದರು. ಸತ್ತವನು ತೊಡುತ್ತಿದ್ದ ಜೀನ್ಸ್, ಅವನ ಮೆಚ್ಚಿನ ಗೊಂಬೆ, ಬರೆದ ಪತ್ರ, ಎಲ್ಲವೂ ಬಟ್ಟೆಗೆ ಸೇರಿದವು. ಕೆಲವು ತುಂಡುಗಳಲ್ಲಿ ಪೂರ್ತಿ ಹೆಸರಿಲ್ಲ. ಸತ್ತ ಮೇಲೂ ಗುಟ್ಟು ಬಯಲಾದೀತೆಂಬ ಅಂಜಿಕೆ. ಮಣ್ಣು ಮಾಡುವ ಹಕ್ಕೂ ಸಿಗದವರು ತಮ್ಮವರಿಗೆ ಬಟ್ಟೆಯಲ್ಲೇ ಗೋರಿ ಕಟ್ಟಿದರು.

1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನ ನ್ಯಾಷನಲ್ ಮಾಲ್‌ನಲ್ಲಿ 1,920 ತುಂಡುಗಳನ್ನು ಹಾಸಿ, ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಜೀವ ಉಳಿಸುವ ಸಂಯುಕ್ತ ಔಷಧಿಗಳು ಬಂದದ್ದು 1996ರ ಸುಮಾರಿಗೆ; ಅಲ್ಲಿಯವರೆಗೆ ತುಂಡುಗಳು ಹೆಚ್ಚುತ್ತಲೇ ಹೋದವು. ಕೌದಿ ಈಗ ಸುಮಾರು 50,000 ತುಂಡುಗಳದ್ದು, ತೂಕ 54 ಟನ್.

ತುಂಡುಗಳ ಚಿತ್ರಗಳು ಅಂತರ್ಜಾಲದಲ್ಲಿವೆ. ಹೆಸರು ಕೊಟ್ಟು ಹುಡುಕಬಹುದು. ಅವಸರ ಮಾಡದೆ ಒಂದೊಂದನ್ನೇ ನೋಡಿ. ಹುಟ್ಟು-ಸಾವಿನ ವರ್ಷಗಳನ್ನು ಹೊಲಿದಿದ್ದರೆ, ಸತ್ತವರ ವಯಸ್ಸನ್ನು ನೀವೇ ಲೆಕ್ಕ ಹಾಕಿ.