ಹಳೇ ಮೊಪೆಡ್ ದಾರಿಯಲ್ಲಿ ಕೈಕೊಡದಂತೆ ನೋಡಿಕೊಳ್ಳೋದು

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಸಣ್ಣ ರೈತನ ಮನೆ ಮುಂದೆ ಎತ್ತು ಇಲ್ಲದಿದ್ದರೂ ಒಂದು ಮೊಪೆಡ್ ಇರುತ್ತೆ. 1980ರಲ್ಲಿ ಟಿವಿಎಸ್ 50 ಬಂದ ಮೇಲೆ ಹಾಲಿನ ಕ್ಯಾನು, ಹಿಂಡಿ ಮೂಟೆ, ಕಾಯಿ ಚೀಲ ಎಲ್ಲಾ ನಿಧಾನಕ್ಕೆ ಅದರ ಮೇಲೆ ಬಿತ್ತು. 2015ರಲ್ಲಿ ನಾಲ್ಕು ಸ್ಟ್ರೋಕಿನ ಎಕ್ಸ್‌ಎಲ್ 100 ಬಂತು. ಆದರೂ ಎರಡು ಸ್ಟ್ರೋಕಿನ ಹಳೇ ಎಕ್ಸ್‌ಎಲ್ ಸೂಪರ್ ಗಾಡಿಗಳು ಹಾಲ್ಕುರಿಕೆ ಸುತ್ತ ಇನ್ನೂ ಓಡುತ್ತಿವೆ. ನಮ್ಮ ಮನೆಯದೂ ಅದೇ, 2009ರದು.

ಹೊಸದು ತಗೊಳ್ಳಿ ಅಂತ ಹೇಳೋದು ಸುಲಭ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂರಬೇಕು. ರಾಗಿ, ಹುರುಳಿ ಮಳೆ ನಂಬಿದ ಬೆಳೆ. ದುಡ್ಡು ಬರೋದು ವರ್ಷಕ್ಕೆ ಒಂದೆರಡು ಸಲ, ಗಾಡಿ ಕೆಡೋದು ಯಾವತ್ತು ಬೇಕಾದರೂ. ಕೆಟ್ಟಾಗ ಆಗುವ ಖರ್ಚು ಮೆಕ್ಯಾನಿಕ್ಕಿಗೆ ಕೊಟ್ಟಷ್ಟೇ ಅಲ್ಲ. ಹೊತ್ತಿಗೆ ಡೇರಿ ಸೇರದ ಹಾಲು, ಕೆಟ್ಟ ಅರ್ಧ ದಿನ, ಆಟೋ ಬಾಡಿಗೆ, ಎಲ್ಲಾ ಸೇರಿಸಿ ನೋಡಿ. ನಿಂತ ಮೇಲೆ ಕೊಡುವ ಐನೂರಕ್ಕಿಂತ ನಿಲ್ಲುವ ಮುಂಚೆ ಕೊಡುವ ಐವತ್ತು ಹಗುರ. ಈ ಪಾಠದ ಸಾರ ಇಷ್ಟೇ.

ಮೊದಲು ಯಾವುದಕ್ಕೆ ದುಡ್ಡು?

ಕೈಯಲ್ಲಿ ಇನ್ನೂರೇ ರೂಪಾಯಿ ಇದ್ದರೆ ಮೊದಲು ಬ್ರೇಕು, ಆಮೇಲೆ ಟೈರು. ಎಂಜಿನ್ ನಿಂತರೆ ತಳ್ಳಿಕೊಂಡು ಮನೆಗೆ ಬರಬಹುದು. ಹಿಂದೆ ಮನೆಯಾಕೆ, ಮುಂದೆ ಮೂಟೆ ಇದ್ದು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಮನೆಗೆ ಬರೋದೇ ಅನುಮಾನ. ಬ್ರೇಕ್ ಕೇಬಲ್ಲಿನ ಒಂದು ಎಳೆ ಬಿಚ್ಚಿಕೊಂಡಿದ್ದರೂ ಅವತ್ತೇ ಬದಲಾಯಿಸಿ. ಚಕ್ರದ ಕಡ್ಡಿಗಳನ್ನ ತಿಂಗಳಿಗೊಮ್ಮೆ ಬೆರಳಿನಿಂದ ಮೀಟಿ ನೋಡಿ. ಠಣ್ ಅನ್ನದೆ ಮಂಕಾಗಿ ಸದ್ದು ಬಂದರೆ ಆ ಕಡ್ಡಿ ಸಡಿಲ. ಹೊರೆ ಜಾಸ್ತಿ ಹೇರುವ ಗಾಡಿಗೆ ಮೊದಲು ಹೋಗೋದು ಈ ಕಡ್ಡಿಗಳೇ. ಒಂದೇ ಸಲಕ್ಕೆ ತುಂಬೋ ಬದಲು ಎರಡು ಸಲ ಹೋಗಿ ಬನ್ನಿ.

ಎರಡನೇದು ಪೆಟ್ರೋಲು, ಕಿಡಿ. ಮೂರನೇದು ಎಳೆಯುವ ಶಕ್ತಿ. ಸೀಟು, ಬಣ್ಣ ಕೊನೆಗೆ.

ಪೆಟ್ರೋಲು, ಎಣ್ಣೆ

ಎರಡು ಸ್ಟ್ರೋಕ್ ಗಾಡಿಗೆ ಎಂಜಿನ್ ಒಳಗೆ ಜಾರಿಕೆ ಕೊಡೋದು ಪೆಟ್ರೋಲಿಗೆ ಬೆರೆಸುವ 2ಟಿ ಎಣ್ಣೆಯೇ. ಎಕ್ಸ್‌ಎಲ್ ಸೂಪರಿಗೆ ಲೀಟರಿಗೆ 20 ಮಿ.ಲೀ. ರೂಢಿ. ಉಳಿಸೋಕೆ ಹೋಗಿ ಕಮ್ಮಿ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಜಾಸ್ತಿ ಹಾಕಿದರೆ ಹೊಗೆ, ಪ್ಲಗ್ಗಿಗೆ ಮಸಿ. ಅಳತೆ ಮುಚ್ಚಳ ಇಟ್ಟುಕೊಳ್ಳಿ, ಕಣ್ಣಳತೆ ಬೇಡ.

ಈಗ ಬಂಕಿನ ಪೆಟ್ರೋಲಿಗೆ ಶೇಕಡಾ 20ರ ತನಕ ಎಥೆನಾಲ್ ಬೆರೆಸುತ್ತಾರೆ. ಎಥೆನಾಲ್ ಗಾಳಿಯ ತೇವ ಹೀರುತ್ತೆ, ಹಳೇ ರಬ್ಬರನ್ನ ಮೆದು ಮಾಡುತ್ತೆ. ಅದಕ್ಕೇ ವಾರಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಪೆಟ್ರೋಲ್ ಬಿಡಬೇಡಿ. ಪೆಟ್ರೋಲ್ ಪೈಪನ್ನ ಹಿಸುಕಿ ನೋಡಿ, ಬಿರುಕು ಬಿಟ್ಟಿದ್ದರೆ ಅಥವಾ ಅಂಟಂಟಾಗಿದ್ದರೆ ಬದಲಾಯಿಸಿ. ರಾತ್ರಿ ನಿಲ್ಲಿಸಿದಾಗ ಪೆಟ್ರೋಲ್ ನಲ್ಲಿ ಬಂದ್ ಮಾಡೋದನ್ನ ಮರೀಬೇಡಿ.

ದಾರಿಯಲ್ಲಿ ನಿಂತರೆ

ಒದ್ದು ಒದ್ದು ಸುಸ್ತಾಗುವ ಮುಂಚೆ ಈ ಕ್ರಮದಲ್ಲಿ ನೋಡಿ:

1. ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯಾ ನೋಡಿ. ಮುಚ್ಚಳ ತೆಗೆದ ಸ್ವಲ್ಪ ಹೊತ್ತಿಗೆ ಗಾಡಿ ಚಾಲೂ ಆದರೆ ಮುಚ್ಚಳದ ಗಾಳಿ ತೂತು ಧೂಳು ಕಟ್ಟಿದೆ ಅಂತ ಅರ್ಥ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಕೆಳಗೆ ಇಳಿಯಲ್ಲ.

2. ಪ್ಲಗ್ ಬಿಚ್ಚಿ. ಕಾಫಿಪುಡಿ ಬಣ್ಣ ಇದ್ದರೆ ಎಲ್ಲಾ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆ ಜಾಸ್ತಿ ಅಥವಾ ಕಿಡಿ ಕಮ್ಮಿ. ಬೆಳ್ಳಗಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಎಣ್ಣೆಯ ಅಳತೆ, ಕಾರ್ಬೊರೇಟರ್ ನೋಡಿಸಿ.

3. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಪೈಪು, ಕಾರ್ಬೊರೇಟರ್ ನೋಡಿ. ಒದ್ದೆಯಾಗಿದ್ದರೆ ಕಿಡಿಯ ತೊಂದರೆ. ಒರೆಸಿ ಹಾಕಿ, ಆಗದಿದ್ದರೆ ಹೊಸ ಪ್ಲಗ್ ಹಾಕಿ.

ಒಂದು ಹೆಚ್ಚಿನ ಪ್ಲಗ್, ಪ್ಲಗ್ ಸ್ಪ್ಯಾನರ್, ಒಂದು ಬ್ರೇಕ್ ಕೇಬಲ್, ಬಟ್ಟೆ ಚೂರು ಗಾಡಿಯಲ್ಲೇ ಇರಲಿ.

ಎಂಜಿನ್ ಓಡುತ್ತೆ ಆದರೆ ದಿಣ್ಣೆ ಹತ್ತಲ್ಲ ಅಂದರೆ ಬೋರ್ ಮಾಡಿಸಿ ಅನ್ನುವವರ ಮಾತಿಗೆ ಕೂಡಲೇ ಒಪ್ಪಬೇಡಿ. ಎರಡು ಸ್ಟ್ರೋಕಿನಲ್ಲಿ ಸೈಲೆನ್ಸರ್ ಒಳಗೆ ಮಸಿ ಕಟ್ಟುತ್ತೆ. ಮೊದಲು ಸೈಲೆನ್ಸರ್ ಬಿಚ್ಚಿ ಮಸಿ ತೆಗೆಸಿ, ಗಾಳಿ ಫಿಲ್ಟರ್ ತೊಳೆಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ.

ಎಲ್ಲಿಗೆ ಗಾಡಿ, ಎಲ್ಲಿಗೆ ಬಸ್ಸು

ನಂಬಿಕೆ ಇಲ್ಲದ ಗಾಡಿಯನ್ನ ತಪ್ಪಿಸಲಾಗದ ಕೆಲಸಕ್ಕೆ ನೆಚ್ಚಬಾರದು. ನಾವು ಮನೆಯಲ್ಲಿ ಹೀಗೆ ಮಾಡಿಕೊಂಡಿದ್ದೇವೆ: ಡೇರಿ, ತೋಟ, ಹೊಲಕ್ಕೆ ಗಾಡಿ. ಆಸ್ಪತ್ರೆ, ಪರೀಕ್ಷೆ, ಕೋರ್ಟ್ ಕೆಲಸಕ್ಕೆ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದ್ದು ಇದಕ್ಕೆ ಅನುಕೂಲವೇ ಆಯಿತು. ಕೊಬ್ಬರಿ ತಿಪಟೂರಿನ ಎಪಿಎಂಸಿಗೆ ಹೋಗುವಾಗ ಅಕ್ಕಪಕ್ಕದವರ ಜೊತೆ ಸೇರಿ ಒಂದು ಟೆಂಪೋ.

ಕಾಗದ ಪತ್ರ

ಹಳೇ ಗಾಡಿ ಅಂತ ವಿಮೆ ಬಿಡಬೇಡಿ. 75 ಸಿಸಿ ಒಳಗಿನ ಗಾಡಿಗೆ ಥರ್ಡ್ ಪಾರ್ಟಿ ವಿಮೆಯನ್ನ 2022ರ ಜೂನ್‌ನಲ್ಲಿ ವರ್ಷಕ್ಕೆ 538 ರೂಪಾಯಿ ಅಂತ ಗೊತ್ತು ಮಾಡಿದ್ದರು, ತೆರಿಗೆ ಬೇರೆ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 2,000 ದಂಡ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಗಾಡಿ ಯಾರಿಗಾದರೂ ತಾಗಿ ಪರಿಹಾರದ ಕೇಸು ಬಿದ್ದರೆ ಜಮೀನೇ ಮಾರಬೇಕಾದೀತು.

ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಕೇಂದ್ರ ಶುಲ್ಕ 2022ರ ಏಪ್ರಿಲ್‌ನಿಂದ ದ್ವಿಚಕ್ರಕ್ಕೆ 1,000 ರೂಪಾಯಿ ಆಯಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 2,000 ಮಾಡಿದರು.

ಯಾವಾಗ ಕೈಬಿಡೋದು?

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಗಾಡಿ ಲೆಕ್ಕ ಬರೀರಿ: ತಾರೀಖು, ಏನು ಕೆಟ್ಟಿತು, ಎಷ್ಟು ಕೊಟ್ಟಿರಿ, ಕೆಲಸ ಎಷ್ಟು ಹೊತ್ತು ಕೆಟ್ಟಿತು. ಯುಗಾದಿಯಿಂದ ಯುಗಾದಿಗೆ ಕೂಡಿ. ವರ್ಷದ ರಿಪೇರಿ ಗಾಡಿ ಮಾರಿದರೆ ಬರುವ ಬೆಲೆಯ ಅರ್ಧ ದಾಟಿತಾ, ಅಥವಾ ಒಂದೇ ಭಾಗ ವರ್ಷದಲ್ಲಿ ಮೂರು ಸಲ ಕೆಟ್ಟಿತಾ, ಅಲ್ಲಿಗೆ ಅದರ ಋಣ ತೀರಿತು ಅಂದ್ಕೊಳ್ಳಿ. ಚಾಸಿ ಬಿರುಕು ಬಿಟ್ಟಿದ್ದರೆ ಲೆಕ್ಕವೇ ಬೇಡ, ಅವತ್ತೇ ನಿಲ್ಲಿಸಿ.

ಆ ದಿನ ಬರುತ್ತೆ ಅಂತ ಈಗಿಂದಲೇ ಹಾಲಿನ ಬಟವಾಡೆಯಲ್ಲಿ ಪ್ರತಿ ಸಲ ನೂರು ರೂಪಾಯಿ ಬೇರೆ ತೆಗೆದಿಡಿ. ಆಗ ಬದಲಿ ಗಾಡಿಗೆ ಬಡ್ಡಿ ಸಾಲ ತರುವ ಪಾಡು ಇಲ್ಲ, ಹಸಿ ಕೊಬ್ಬರಿಯನ್ನ ಅಟ್ಟದಿಂದ ಇಳಿಸಿ ಬಂದ ಬೆಲೆಗೆ ಕೊಡುವ ಪಾಡೂ ಇಲ್ಲ.