ವಾಹನದ ವೋಲ್ಟೇಜ್, ಬಾಗಿಲಿನ ಸಂವೇದಕ ಮತ್ತು ವ್ಯಾಪಾರಿಯ ಲೆಕ್ಕ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಭಾಗದಲ್ಲಿ ಮಾವಿನ ಸುಗ್ಗಿ ಆರಂಭವಾಯಿತೆಂದರೆ ವಾಹನಗಳಿಗೆ ಬಿಡುವಿಲ್ಲ. ವಾಹನ ಒಂದು ದಿನ ನಿಂತರೂ ಹಣ್ಣು ಕಾಯುವುದಿಲ್ಲ. ಇಂದಿನ ವಾಹನವನ್ನು ನಿಲ್ಲಿಸಲು ಎಂಜಿನ್ನೇ ಕೆಡಬೇಕಾಗಿಲ್ಲ. ತುಕ್ಕು ಹಿಡಿದ ಒಂದು ಕನೆಕ್ಟರ್ ಸಾಕು. ಇದೇ ಜಿಲ್ಲೆಯ ಮಾಲೂರು, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿರುವುದರಿಂದ, ವಾಹನ ಬಳಸುವ ವರ್ತಕರಿಗೂ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗಳಿಗೂ ಈ ವಿಷಯದ ಸ್ಥೂಲ ಪರಿಚಯ ಅವಶ್ಯಕ.

ವೋಲ್ಟೇಜಿನ ಏರಿಳಿತ

ಕಾರಿನ ಸೀಸ-ಆಮ್ಲ ಬ್ಯಾಟರಿಯಲ್ಲಿ 6 ಕೋಶಗಳಿರುತ್ತವೆ. ಪೂರ್ಣ ಚಾರ್ಜ್ ಆದಾಗ ಅದರ ವೋಲ್ಟೇಜ್ ಸುಮಾರು 12.6. ಸ್ಟಾರ್ಟರ್ ತಿರುಗುವಾಗ ಇದು 10ರ ಆಸುಪಾಸಿಗೆ ಕುಸಿಯಬಹುದು. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 14ರ ಹತ್ತಿರಕ್ಕೆ ಏರಿಸುತ್ತದೆ. ಆದರೆ ನಿಯಂತ್ರಣ ಘಟಕದೊಳಗಿನ ಚಿಪ್‌ಗಳಿಗೆ ಬೇಕಾದುದು ಸ್ಥಿರವಾದ 5 ಅಥವಾ 3.3 ವೋಲ್ಟ್. ಈ ಸ್ಥಿರತೆಯನ್ನು ಒದಗಿಸುವುದು ರೆಗ್ಯುಲೇಟರ್. ದೊಡ್ಡ ಲಾರಿಗಳ 24 ವೋಲ್ಟ್ ವ್ಯವಸ್ಥೆಯಿಂದ 12 ವೋಲ್ಟಿನ ಕಾರಿಗೆ ತಂತಿ ಜೋಡಿಸಿ ಸ್ಟಾರ್ಟ್ ಮಾಡುವುದು ಈ ಘಟಕಗಳಿಗೆ ಅಪಾಯಕಾರಿ.

ಬಾಗಿಲಿನ ಸಂವೇದಕ

ಬಾಗಿಲಿನ ಲ್ಯಾಚ್‌ನೊಳಗೆ ಪುಟ್ಟ ಸ್ವಿಚ್ ಅಥವಾ ಕಾಂತೀಯ ಹಾಲ್ ಸಂವೇದಕ ಇರುತ್ತದೆ. ಅದು ಬಾಗಿಲು ತೆರೆದಿದೆಯೇ, ಮುಚ್ಚಿದೆಯೇ ಎಂಬ ಸಂಕೇತವನ್ನಷ್ಟೇ ಕಳುಹಿಸುತ್ತದೆ. ಬೀಗದ ಮೋಟಾರಿಗೆ ವಿದ್ಯುತ್ತನ್ನು ನಿಯಂತ್ರಣ ಘಟಕ ಹರಿಸುತ್ತದೆ. ಕನೆಕ್ಟರಿನಲ್ಲಿ ತುಕ್ಕಿನಿಂದ 1 ಓಮ್ ರೋಧ ಉಂಟಾಗಿದೆ ಎಂದಿಟ್ಟುಕೊಳ್ಳೋಣ. ಸಂಕೇತದ 10 ಮಿಲಿಆಂಪಿಯರ್ ಹರಿದಾಗ ಅಲ್ಲಿ ನಷ್ಟವಾಗುವುದು ಕೇವಲ 0.01 ವೋಲ್ಟ್. ಅದೇ ರೋಧದ ಮೂಲಕ ಬೀಗದ ಮೋಟಾರಿಗೆ 5 ಆಂಪಿಯರ್ ಹರಿದರೆ ನಷ್ಟ 5 ವೋಲ್ಟ್. ಆದ್ದರಿಂದ ಮೋಟಾರ್ ಓಡದಿರುವಾಗ ಮೀಟರ್ 12 ತೋರಿಸಿತೆಂದು ತಂತಿ ಸರಿಯಿದೆಯೆಂದು ತೀರ್ಮಾನಿಸಬಾರದು. ಹೊರೆ ಇರುವಾಗಲೇ ಅಳೆಯಬೇಕು. ಈ ಪರೀಕ್ಷೆ ಮಾಡದೆ ದುಬಾರಿ ಘಟಕವನ್ನೇ ಬದಲಿಸಿದರೆ ಹಣವೂ ಹೋಗುತ್ತದೆ, ದೋಷವೂ ಉಳಿಯುತ್ತದೆ.

ಸುರಕ್ಷತೆಯ ಹೊಣೆ

ಕೆಲವು ವಿನ್ಯಾಸಗಳಲ್ಲಿ ಸ್ವಿಚ್ಚಿನೊಂದಿಗೆ ರೆಸಿಸ್ಟರುಗಳನ್ನು ಜೋಡಿಸಿರುತ್ತಾರೆ. ಇದರಿಂದ ‘ತೆರೆದಿದೆ’, ‘ಮುಚ್ಚಿದೆ’ ಎಂಬುದಲ್ಲದೆ ತಂತಿ ತುಂಡಾಗಿದೆಯೇ ಎಂಬುದನ್ನೂ ಘಟಕ ಗುರುತಿಸಬಲ್ಲದು. ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ಬಿಚ್ಚಿದೊಡನೆ ಬಾಗಿಲಿನ ಬೀಗಗಳು ತೆರೆಯುತ್ತವೆ. ವಿದ್ಯುತ್ ಕೈಕೊಟ್ಟರೂ ಒಳಗಿದ್ದವರು ಹೊರಬರುವಂತಿರಬೇಕೆಂದು, 1 ಜುಲೈ 2019ರಿಂದ ಭಾರತದಲ್ಲಿ ಹೊಸ ಕಾರುಗಳ ಕೇಂದ್ರೀಯ ಬೀಗಕ್ಕೆ ಕೈಯಿಂದ ತೆರೆಯುವ ವ್ಯವಸ್ಥೆ ಕಡ್ಡಾಯವಾಯಿತು. ಚಾಲಕನ ಏರ್‌ಬ್ಯಾಗ್, ಸೀಟ್‌ಬೆಲ್ಟ್ ಎಚ್ಚರಿಕೆಗಳು ಕಡ್ಡಾಯವಾದದ್ದೂ ಅಂದೇ. ಏರ್‌ಬ್ಯಾಗ್ ಘಟಕದ ಕೆಪಾಸಿಟರ್ ಬ್ಯಾಟರಿ ಕಳಚಿದ ಮೇಲೂ ಸ್ವಲ್ಪ ಕಾಲ ಶಕ್ತಿಯನ್ನು ಹಿಡಿದಿಟ್ಟಿರುತ್ತದೆ. ಆದ್ದರಿಂದ ತಯಾರಕರು ಸೂಚಿಸಿದಷ್ಟು ಸಮಯ ಕಾಯದೆ ಅದರ ತಂತಿಗಳನ್ನು ಮುಟ್ಟಬಾರದು. ಹೊರಗಿನಿಂದ ತಂದ ಅಲಾರಂ, ದೀಪಗಳಿಗಾಗಿ ಮೂಲ ತಂತಿಯನ್ನು ಕತ್ತರಿಸಿ, ಫ್ಯೂಸ್ ಇಲ್ಲದೆ ಜೋಡಿಸುವುದು ಬೆಂಕಿಗೆ ಆಹ್ವಾನ.

ಲೆಕ್ಕಪತ್ರದ ದೃಷ್ಟಿ

ತಂತಿಗುಚ್ಛ, ಸ್ವಿಚ್ ಮುಂತಾದವನ್ನು ವಾರಂಟಿ ಸಹಿತ ಪೂರೈಸುವ ಸಣ್ಣ ತಯಾರಕನಿಗೆ ಮಾಲು ಮಾರಾಟವಾದೊಡನೆ ಹೊಣೆ ಮುಗಿಯುವುದಿಲ್ಲ. ಲೆಕ್ಕಪತ್ರ ಮಾನಕ 29ರ ಪ್ರಕಾರ, ಹಿಂದಿನ ಘಟನೆಯಿಂದ ಹುಟ್ಟಿದ ಬಾಧ್ಯತೆಗೆ ಹಣ ಹೊರಹೋಗುವ ಸಂಭವವಿದ್ದು, ಮೊತ್ತವನ್ನು ವಿಶ್ವಾಸಾರ್ಹವಾಗಿ ಅಂದಾಜಿಸಬಹುದಾದರೆ ಅವಕಾಶ ನಿಧಿಯನ್ನು ಲೆಕ್ಕದಲ್ಲಿ ತೋರಿಸಬೇಕು. ಅನುಭವದ ಆಧಾರದ ಮೇಲೆ ಹೀಗೆ ಮಾಡಿದ ವಾರಂಟಿ ಅವಕಾಶವನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ 2009ರಲ್ಲಿ ತೀರ್ಪಿತ್ತಿದೆ. ಊಹೆಯ ಅಂಕಿಗೆ ಈ ರಕ್ಷಣೆ ಇಲ್ಲ. ಆದಕಾರಣ ಪ್ರತಿ ತಂಡದ ಸಂಖ್ಯೆ, ಪರೀಕ್ಷೆಯ ಫಲಿತಾಂಶ, ಹಿಂದಿರುಗಿ ಬಂದ ಮಾಲು ಮತ್ತು ಅದರ ಕಾರಣ ಇವುಗಳನ್ನು ವರ್ಷದಿಂದ ವರ್ಷಕ್ಕೆ ಬರೆದಿಡುವುದು ಅಗತ್ಯ. ಯಾವ ತಂಡದ ಸ್ವಿಚ್ ಏಕೆ ಕೆಟ್ಟಿತೆಂದು ತೋರಿಸುವ ಅದೇ ಪುಸ್ತಕ, ಮುಂದಿನ ತಂಡವನ್ನು ಸರಿಪಡಿಸುವ ದಾರಿಯನ್ನೂ ತೋರಿಸುತ್ತದೆ.