ಇಫ್ ಕೈಕೊಟ್ಟಾಗ

ಮಗೂ, ಸ್ಕೈರಿಮ್‌ಗೆ ಮಾಡ್ ಬರೆಯಲು ಕೂತಿದ್ದೀಯಂತೆ, ಕೇಳಿ ಖುಷಿಯಾಯಿತು. 2011ರಲ್ಲಿ ಬಂದ ಆಟ ಅದು, ಇವತ್ತಿಗೂ ಹೊಸ ಮಾಡ್‌ಗಳು ಬರುತ್ತಲೇ ಇವೆ. ಅದರ ಪ್ಯಾಪಿರಸ್ ಭಾಷೆ ಬೇಗ ಒಗ್ಗುತ್ತದೆ. ಆದರೆ ಇಫ್ ಇದೆಯಲ್ಲ, ಅದು ಕಾಡುತ್ತದೆ.

ಎಂಡ್‌ಇಫ್ ಮರೆತೆಯೋ, == ಇರಬೇಕಾದ ಕಡೆ = ಬರೆದೆಯೋ, ಕಂಪೈಲರ್ ಸಾಲಿನ ಸಂಖ್ಯೆ ಸಮೇತ ತಡೆದು ಹೇಳುತ್ತದೆ. ಅದಕ್ಕೆ ಹೆದರಬೇಡ. ಸರಾಗವಾಗಿ ಕಂಪೈಲ್ ಆಗಿ, ಆಟದಲ್ಲಿ ಸದ್ದಿಲ್ಲದೆ ತಪ್ಪು ದಾರಿ ಹಿಡಿಯುವ ಷರತ್ತಿಗೆ ಹೆದರು.

ರಾತ್ರಿ ಮಾತ್ರ ಕಾಣಿಸಿಕೊಳ್ಳುವ ವ್ಯಾಪಾರಿ ಬೇಕು ಅಂದುಕೋ. ಗಂಟೆ 20ಕ್ಕಿಂತ ಹೆಚ್ಚು && 5ಕ್ಕಿಂತ ಕಡಿಮೆ ಎಂದು ಬರೆಯುತ್ತೀಯ. ಓದಲು ಸರಿಯಾಗೇ ಇದೆ. ಆದರೆ 20ಕ್ಕಿಂತ ದೊಡ್ಡದೂ 5ಕ್ಕಿಂತ ಚಿಕ್ಕದೂ ಆದ ಸಂಖ್ಯೆ ಎಲ್ಲಿದೆ? ವ್ಯಾಪಾರಿ ಎಂದೂ ಬರುವುದಿಲ್ಲ. ಅಲ್ಲಿ || ಬೇಕು. ಇನ್ನೊಂದು: ಗೆಟ್‌ಆಕ್ಟರ್‌ವ್ಯಾಲ್ಯೂಪರ್ಸೆಂಟೇಜ್ ಎಂಬ ಹೆಸರು ನಂಬಿ ಆರೋಗ್ಯ 50ಕ್ಕಿಂತ ಕಡಿಮೆಯೇ ಎಂದು ಕೇಳಿದರೆ ಉತ್ತರ ಯಾವಾಗಲೂ ಹೌದು. ಅದು ಕೊಡುವುದು 0ಯಿಂದ 1ರವರೆಗಿನ ಸಂಖ್ಯೆ; ಅರ್ಧ ಅಂದರೆ 0.5.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ನನ್, ಅಂದರೆ ಏನೂ ಇಲ್ಲ ಎಂಬ ಬೆಲೆ. ನೀನು ಹೆಸರಿಸಿದ ಪಾತ್ರ ಆ ಕ್ಷಣ ಇಲ್ಲದೇ ಹೋದರೂ ಆಟ ನಿಲ್ಲುವುದಿಲ್ಲ. ಕರೆಯನ್ನು ಕೈಬಿಟ್ಟು, ಲಾಗ್‌ನಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತದೆ, ಬೆಲೆಯ ಜಾಗದಲ್ಲಿ ಸೊನ್ನೆ ಕೂರುತ್ತದೆ. ಸೊನ್ನೆ 0.5ಕ್ಕಿಂತ ಕಡಿಮೆ ತಾನೇ? ಇಲ್ಲದ ಮನುಷ್ಯನನ್ನು ಸಾಯುತ್ತಿದ್ದಾನೆ ಎಂದು ತಿಳಿದು ನಿನ್ನ ಕೋಡ್ ಔಷಧಿ ಹುಡುಕಲು ಹೊರಡುತ್ತದೆ. ಪಾತ್ರ ಇದೆಯೇ ಎಂಬುದನ್ನು && ಎಡಗಡೆ ಮೊದಲು ಕೇಳು. ಎಡಗಡೆ ಸುಳ್ಳಾದರೆ ಪ್ಯಾಪಿರಸ್ ಬಲಗಡೆ ನೋಡುವುದೇ ಇಲ್ಲ. 2006ರ ಆಬ್ಲಿವಿಯನ್‌ನ ಸ್ಕ್ರಿಪ್ಟ್‌ಗೆ ಈ ಗುಣ ಇರಲಿಲ್ಲ, ಅದು ಎರಡೂ ಕಡೆ ನೋಡುತ್ತಿತ್ತು. ಹಾಗಾಗಿ ಹಳೆಯ ಆಟದ ಕೋಡ್‌ನಲ್ಲಿ ಇಫ್ ಒಳಗೆ ಇಫ್ ಕಂಡರೆ ಬರೆದವರನ್ನು ದಡ್ಡರು ಅನ್ನಬೇಡ.

ಮಾಡ್ ಕಟ್ಟುವ ಸಾಧನ ಕ್ರಿಯೇಷನ್ ಕಿಟ್‌ನ ಕಂಡಿಷನ್ ಪಟ್ಟಿ ಇನ್ನೊಂದು ಗುಂಡಿ. ಸ್ಕ್ರಿಪ್ಟ್‌ನಲ್ಲಿ ಪಾತ್ರ ಯಾವಾಗ ಮಾತಾಡಬೇಕು ಎಂಬುದಕ್ಕೆ ನೋರ್ಡ್ ಜನಾಂಗ || ಇಂಪೀರಿಯಲ್ ಜನಾಂಗ && ರಾತ್ರಿ ಎಂದು ಬರೆದರೆ && ಮೊದಲು ಕೂಡಿಕೊಳ್ಳುತ್ತದೆ, ನೋರ್ಡ್ ಹಗಲಲ್ಲೂ ಮಾತಾಡುತ್ತಾನೆ. ಅದೇ ಮೂರನ್ನು ಪಟ್ಟಿಯಲ್ಲಿ ಹಾಕಿದರೆ ಆರ್ ಮೊದಲು ಕೂಡಿಕೊಳ್ಳುತ್ತದೆ, ಇಬ್ಬರೂ ರಾತ್ರಿಯಲ್ಲಿ ಮಾತ್ರ ಮಾತಾಡುತ್ತಾರೆ. ಒಂದೇ ಆಟದೊಳಗೆ ಎರಡು ನಿಯಮ! ಸ್ಕ್ರಿಪ್ಟ್‌ನಲ್ಲಿ ಆವರಣ ಹಾಕಲು ಜಿಪುಣತನ ಮಾಡಬೇಡ.

ಹುಡುಕುವುದು ಹೇಗೆ ಎಂದರೆ, ಊಹೆಯ ಮೇಲೆ ಸಾಲು ತಿದ್ದಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ಲಾಗ್ ಮೊದಲಿಗೆ ಆಫ್ ಇರುತ್ತದೆ. ಇನಿ ಫೈಲ್‌ನ ಪ್ಯಾಪಿರಸ್ ವಿಭಾಗದಲ್ಲಿ ಲಾಗಿಂಗ್‌ಗೂ ಟ್ರೇಸ್‌ಗೂ 1 ಕೊಡು. ಆಮೇಲೆ ಇಫ್‌ಗೆ ಸ್ವಲ್ಪ ಮೇಲೆ ಡೀಬಗ್.ಟ್ರೇಸ್ ಹಾಕಿ ಷರತ್ತಿನ ಒಂದೊಂದು ತುಂಡಿನ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆಸು: ಗಂಟೆ ಎಷ್ಟು, ಆರೋಗ್ಯ ಎಷ್ಟು, ಪಾತ್ರ ಇದೆಯೇ. ಇಡೀ ಷರತ್ತು ನಿಜವೋ ಸುಳ್ಳೋ ಎಂದಷ್ಟೇ ಬರೆಸಿದರೆ ಪ್ರಯೋಜನವಿಲ್ಲ, ಅದು ನಿನಗೆ ಆಗಲೇ ಗೊತ್ತಿದೆ.

ತಿದ್ದಿದ ಮೇಲೂ ಹಳೆಯ ವರ್ತನೆಯೇ ಕಂಡರೆ ಸೇವ್ ಮೇಲೆ ಅನುಮಾನಪಡು. ಸ್ಕ್ರಿಪ್ಟ್‌ನ ವೇರಿಯಬಲ್‌ಗಳ ಹಳೆಯ ಬೆಲೆಗಳು ಸೇವ್‌ನಲ್ಲಿ ಉಳಿದಿರುತ್ತವೆ, ಎಷ್ಟೋ ಮಕ್ಕಳು ಸರಿಯಾದ ಕೋಡನ್ನೇ ಮತ್ತೆ ತಿದ್ದಿ ಕೆಡಿಸುವುದು ಇಲ್ಲೇ. ಮುಖ್ಯ ಮೆನುವಿನಲ್ಲೇ ಕನ್ಸೋಲ್ ತೆರೆದು ಸಿಓಸಿ ರಿವರ್‌ವುಡ್ ಎಂದು ಕೊಟ್ಟರೆ ಹಳೆಯದೇನೂ ಅಂಟದ ಆಟ ಸಿಗುತ್ತದೆ, ಪರೀಕ್ಷೆ ಅಲ್ಲಿ ಮಾಡು.

ನಿನ್ನ ಮಾಡ್ ಹಾಕಿಕೊಳ್ಳುವವರು ತಿಂಗಳುಗಟ್ಟಲೆ ಆಡಿದ ಸೇವ್ ಅನ್ನು ನಂಬಿ ನಿನ್ನ ಕೈಗೆ ಕೊಡುತ್ತಾರೆ. ದಯವಿಟ್ಟು ಅವರ ಸೇವ್ ಮೇಲೆ ನಿನ್ನ ಷರತ್ತುಗಳನ್ನು ಪರೀಕ್ಷಿಸಬೇಡ.